ಮುಯ್ಯಾಳಿನಿಂದ ಮುಂದಾಳು



ಪ್ರತಿ ವರ್ಷದಂತೆ ಈ ವರ್ಷವೂ ನಮ್ಮ ಸಂಘದ ಸರ್ವಸದಸ್ಯರ ಸಭೆ ಸುಸೂತ್ರವಾಗಿ ಮುಗಿಯಿತು. ಅಧ್ಯಕ್ಷರ ಭಾಷಣ, ವರದಿ ವಾಚನ, ಲೆಕ್ಕಪತ್ರಗಳ ಮಂಜೂರಾತಿ, ಡಿವಿಡೆಂಡು ಘೋಷಣೆ, ವಂದನಾರ್ಪಣೆ, ಊಟ. ಎಲ್ಲ ಸೇರಿ ಎರಡೂಕಾಲು ಗಂಟೆ. ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಇದು ಆಡಳಿತ ಮಂಡಳಿಯ ಮೇಲೆ ಸದಸ್ಯರು ಇಟ್ಟಿರುವ ವಿಶ್ವಾಸದ ಗುರುತು ಎಂದು ವಂದಿಸಿದವರು ಬಣ್ಣಿಸಿದರು. ವೇದಿಕೆಯ ಮೇಲೆ ನಾವೂ ಕುಳಿತಿದ್ದೆವು, ಚಪ್ಪಾಳೆಯನ್ನೂ ತಟ್ಟಿದೆವು.

ಮರುದಿನ ಹಾಜರಿ ಪುಸ್ತಕ ತೆರೆದು ನೋಡಿದಾಗ ಮನಸ್ಸಿಗೆ ಸಮಾಧಾನವಾಗಲಿಲ್ಲ. ರುಜು ಹಾಕಿದವರಲ್ಲಿ ನಲವತ್ತರ ಒಳಗಿನವರು ನಾಲ್ವರು. ಹೆಂಗಸರು ಇಬ್ಬರು, ಆ ಇಬ್ಬರೂ ಮೀಸಲು ಸ್ಥಾನದ ನಿರ್ದೇಶಕಿಯರು. ಪ್ರಶ್ನೆ ಬಾರದಿದ್ದುದು ವಿಶ್ವಾಸದಿಂದಲ್ಲ, ಉದಾಸೀನದಿಂದ ಎಂಬುದು ನಮಗೆ ಸ್ಪಷ್ಟವಾಯಿತು. ಸಂಘವೆಂದರೆ ಗೊಬ್ಬರ ಸಿಗುವ ಕಿಟಕಿ, ಸಾಲ ನವೀಕರಿಸುವ ಮೇಜು, ಅಷ್ಟೇ ಎಂದು ಸದಸ್ಯರು ತಿಳಿದಿದ್ದರೆ ಅದರ ಹೊಣೆ ಸದಸ್ಯರದಲ್ಲ.

ನಾಯಕರಿಲ್ಲ ಎಂಬ ಕೊರಗು ಈಗ ಎಲ್ಲೆಡೆ ಕೇಳಿಬರುತ್ತಿದೆ. ಕ್ಯೂರಿಂಗ್ ವರ್ಕ್ಸ್ ಮುಂದೆ, ಅಡಿಕೆ ಮಂಡಿಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ನಾಲ್ಕು ಜನ ಕೂಡಿದರೆ ಸಾಕು, "ಹಿಂದಿನವರ ಹಾಗೆ ಈಗ ಯಾರಿದ್ದಾರೆ?" ಎಂಬ ಮಾತು ಬಂದೇ ಬರುತ್ತದೆ. ಹುಡುಗರು ಬೆಂಗಳೂರು ಸೇರಿದರು, ಊರಲ್ಲಿ ಉಳಿದವರಿಗೆ ಪುರಸೊತ್ತಿಲ್ಲ, ಪುರಸೊತ್ತಿರುವವರಿಗೆ ರಾಜಕೀಯ ಬೇಕು ಎಂದು ಕಾರಣಗಳನ್ನೂ ನಾವೇ ಹೇಳಿಕೊಳ್ಳುತ್ತೇವೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಮುಂದಾಳುಗಳು ನಮ್ಮ ನಡುವೆಯೇ ಇದ್ದಾರೆ. ಅವರು ಬರುವ ದಾರಿಗೆ ಅಡ್ಡಲಾಗಿ ನಾವು ಕುರ್ಚಿ ಹಾಕಿಕೊಂಡು ಕುಳಿತಿದ್ದೇವೆ. ಇದನ್ನು ಪರರ ಮೇಲಿನ ಆರೋಪವಾಗಿ ಬರೆಯುತ್ತಿಲ್ಲ, ನಮ್ಮ ಅನುಭವದಿಂದ ಬರೆಯುತ್ತಿದ್ದೇವೆ.

ಬೇಲಿ ಅರಿಯದ ಹುಳ

ಮೊದಲು ನಮ್ಮೆಲ್ಲರಿಗೂ ಗೊತ್ತಿರುವ ಸಂಗತಿಯಿಂದಲೇ ಆರಂಭಿಸೋಣ. ಅರೇಬಿಕಾ ಬೆಳೆಯುವವನಿಗೆ ಬಿಳಿ ಕಾಂಡಕೊರಕದ ಪರಿಚಯ ಮಾಡಿಕೊಡಬೇಕಾಗಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇನ್ನೊಮ್ಮೆ ದುಂಬಿ ಹೊರಬಂದು ಹಾರುತ್ತದೆ, ಬಿಸಿಲು ಬೀಳುವ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳ ಒಳಗೆ ಸೇರಿಕೊಂಡ ಮೇಲೆ ಯಾವ ಔಷಧಿಯೂ ಅದನ್ನು ಸುಲಭವಾಗಿ ಮುಟ್ಟಲಾರದು. ಆದುದರಿಂದ ಹಾರಾಟದ ಕಾಲಕ್ಕೆ ಮುಂಚೆ, ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ, ಗಿಡ ಗಿಡವನ್ನೂ ನೋಡಿ, ಕಾಂಡದ ಮೇಲೆ ಉಬ್ಬುಗೆರೆ ಕಂಡದ್ದನ್ನು ಬೇರುಸಹಿತ ಕಿತ್ತು ಸುಡಬೇಕು. ಇದೊಂದೇ ಖಚಿತವಾದ ದಾರಿ.

ಆದರೆ ನಾವು ನಮ್ಮ ಮೂರು ಎಕರೆಯಲ್ಲಿ ಕಿತ್ತು ಸುಟ್ಟು, ಪಕ್ಕದವರು ಕಿತ್ತ ಗಿಡವನ್ನು ಸೌದೆಗೆಂದು ಕೊಟ್ಟಿಗೆಯ ಹಿಂದೆ ಒಟ್ಟಿದರೆ ಫಲವೇನು? ಆ ಸೌದೆಯಿಂದಲೇ ದುಂಬಿ ಹೊರಟು ಬರುತ್ತದೆ. ಹುಳಕ್ಕೆ ಬೇಲಿ ತಿಳಿಯದು, ಪಹಣಿ ತಿಳಿಯದು, ಜಾತಿಯೂ ಪಕ್ಷವೂ ತಿಳಿಯದು. ಅಡಿಕೆಯ ಕೊಳೆರೋಗಕ್ಕೂ ಇದೇ ಮಾತು ಸಲ್ಲುತ್ತದೆ. ಮಳೆಗೆ ಮುಂಚೆ ಒಂದು ತೋಟಕ್ಕೆ ಬೋರ್ಡೋ ಬಿದ್ದು ಪಕ್ಕದ ತೋಟ ಹಾಗೆಯೇ ಉಳಿದರೆ ಇಬ್ಬರಿಗೂ ನಷ್ಟ. ಇತ್ತೀಚಿನ ವರ್ಷಗಳಲ್ಲಿ ಮಲೆನಾಡನ್ನು ಕಂಗೆಡಿಸಿರುವ ಎಲೆಚುಕ್ಕಿ ರೋಗವೂ ಇದನ್ನೇ ಕಲಿಸುತ್ತಿದೆ.

ಇದರ ಅರ್ಥವಿಷ್ಟೆ. ಸಣ್ಣ ಬೆಳೆಗಾರನ ಬದುಕಿನಲ್ಲಿ ಒಬ್ಬನೇ ಮಾಡಿ ಮುಗಿಸಬಹುದಾದ ಕೆಲಸ ಕಡಿಮೆ. ನೆರೆಯವನು ಕೈಗೂಡಿಸಬೇಕು. ನೆರೆಯವನನ್ನು ಕೂಡಿಸುವವರು ಯಾರಾದರೂ ಬೇಕು. ಆ 'ಯಾರಾದರೂ' ಎಂಬ ವ್ಯಕ್ತಿಯೇ ಮುಂದಾಳು. ಅವರಿಗೆ ಹಾರ ಬೇಕಾಗಿಲ್ಲ, ಮೈಕು ಬೇಕಾಗಿಲ್ಲ. ಆ ಮನೆಯ ಅಂಗಳಕ್ಕೆ ಹೋಗಿ, "ನಾಡಿದ್ದು ಭಾನುವಾರ ನಿಮ್ಮಲ್ಲಿ, ಬರುವ ಭಾನುವಾರ ನಮ್ಮಲ್ಲಿ" ಎಂದು ಹೇಳುವ ಬಾಯಿ, ಹೇಳಿದ ಮೇಲೆ ತಾವೇ ಮೊದಲು ಹೋಗಿ ನಿಲ್ಲುವ ಕಾಲು, ಇವೆರಡು ಇದ್ದರೆ ಸಾಕು.

ನಾವು ಮಾಡಿದ ತಪ್ಪು

ನಾಲ್ಕು ವರ್ಷಗಳ ಹಿಂದಿನ ಮಹಾಸಭೆಯಲ್ಲಿ ಒಬ್ಬ ಹೆಣ್ಣುಮಗಳು ಎದ್ದು ನಿಂತರು. ಗಂಡ ತೀರಿಕೊಂಡ ಮೇಲೆ ಎರಡೂವರೆ ಎಕರೆ ಕಾಫಿ, ಅರ್ಧ ಎಕರೆ ಅಡಿಕೆಯನ್ನು ತಾವೇ ನೋಡಿಕೊಳ್ಳುತ್ತಿದ್ದವರು. ಅವರು ಕೇಳಿದ್ದು ಇಷ್ಟು: "ಸಂಘದ ಗೋದಾಮಿನಲ್ಲಿ ತೂಕ ಹಾಕುವಾಗ ಗೋಣಿಯ ಬಾಬ್ತು ಚೀಲಕ್ಕೆ ಒಂದು ಕಿಲೋ ಕಳೆಯುತ್ತೀರಿ. ಖಾಲಿ ಗೋಣಿ ಅಷ್ಟು ತೂಗುತ್ತದೆಯೇ?"

ಸಭೆಯಲ್ಲಿ ಕೆಲವರು ನಕ್ಕರು. ವೇದಿಕೆಯಿಂದ "ಲಿಖಿತವಾಗಿ ಕೊಡಿ ಅಮ್ಮಾ, ಪರಿಶೀಲಿಸೋಣ" ಎಂಬ ಉತ್ತರ ಹೋಯಿತು. ಆ ಉತ್ತರ ಕೊಟ್ಟವರು ನಾವೇ. ಅವರು ಕುಳಿತರು. ಮರುವರ್ಷದ ಸಭೆಗೆ ಬರಲಿಲ್ಲ, ಅದರ ಮರುವರ್ಷವೂ ಬರಲಿಲ್ಲ. ನಮಗೆ ಅದು ತಿಳಿಯಲೂ ಇಲ್ಲ.

ಎರಡು ವರ್ಷ ಕಳೆದ ಮೇಲೆ ಸೆಪ್ಟೆಂಬರಿನಲ್ಲಿ ಕಾಂಡಕೊರಕದ ತಪಾಸಣೆಯ ವರದಿಗೆಂದು ಹಳ್ಳಿಗಳನ್ನು ಸುತ್ತಿದೆವು. ಹೆಚ್ಚಿನ ಕಡೆ ಕೆಲಸ ಅರ್ಧಂಬರ್ಧ. ಒಂದು ಕೇರಿಯಲ್ಲಿ ಮಾತ್ರ ಹನ್ನೊಂದು ಮನೆಯ ತೋಟಗಳೂ ಮುಗಿದಿದ್ದವು, ಕಿತ್ತ ಗಿಡಗಳು ಬೂದಿಯಾಗಿದ್ದವು. ವಿಚಾರಿಸಿದರೆ ಅದು ಅದೇ ಹೆಣ್ಣುಮಗಳ ಕೇರಿ. ಅವರು ಮಾಡಿದ್ದು ಹೊಸದೇನಲ್ಲ, ನಮ್ಮ ಅಜ್ಜಂದಿರ ಕಾಲದ ಮುಯ್ಯಾಳು. ಇಂದು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಶಾಲೆಯ ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಯಾರ ಮನೆಗೆ ಯಾವ ದಿನ, ಯಾರು ಬಂದರು, ಎಷ್ಟು ಗಿಡ ಕಿತ್ತಿತು ಎಂದು ಗೆರೆ ಎಳೆದು ಬರೆದಿದ್ದರು. ನಮ್ಮ ಕಛೇರಿಯ ರಿಜಿಸ್ಟರುಗಳಲ್ಲಿ ಅಷ್ಟು ಅಚ್ಚುಕಟ್ಟು ಇಲ್ಲ.

ಇನ್ನೊಂದು ವಿಷಯವನ್ನೂ ಅಲ್ಲಿ ಕಂಡೆವು. ಉಬ್ಬುಗೆರೆಯನ್ನು ಗುರುತಿಸುವುದರಲ್ಲಿ ಎಲ್ಲರಿಗಿಂತ ಚುರುಕು ಒಬ್ಬ ಕೂಲಿ ಹೆಂಗಸು. ದೊಡ್ಡ ಎಸ್ಟೇಟೊಂದರ ಲೈನಿನಲ್ಲಿದ್ದು ಇಪ್ಪತ್ತು ವರ್ಷ ಗಿಡ ನೋಡಿದ ಕಣ್ಣು. ತೋಟದ ಯಜಮಾನರು ಅವರ ಹಿಂದೆ ನಡೆಯುತ್ತ, ಅವರು ಬೆರಳು ಇಟ್ಟ ಕಡೆ ನೋಡಿ ಕಲಿಯುತ್ತಿದ್ದರು. ಮೊದಲ ಭಾನುವಾರ ಅವರಿಗೆ ಅಂಗಳದಲ್ಲಿ, ಉಳಿದವರಿಗೆ ಜಗುಲಿಯಲ್ಲಿ ಕಾಫಿ ಕೊಟ್ಟರಂತೆ. ಮೂರನೆಯ ಭಾನುವಾರದ ಹೊತ್ತಿಗೆ ಎಲ್ಲರಿಗೂ ಜಗುಲಿಯಲ್ಲೇ. "ಎರಡು ಕಡೆ ಓಡಾಡಿ ಕೊಡಲಿಕ್ಕೆ ಯಾರ ಕೈ ಸಾಲುತ್ತದೆ?" ಎಂದು ಆ ಮನೆಯ ಹಿರಿಯ ಹೆಂಗಸು ನಮಗೆ ಹೇಳಿದರು. ಸಾಮಾಜಿಕ ಬದಲಾವಣೆಯ ಬಗ್ಗೆ ನಾವು ಕೇಳಿರುವ ಅನೇಕ ಭಾಷಣಗಳಿಗಿಂತ ಈ ಒಂದು ಮಾತು ನಮಗೆ ಹೆಚ್ಚು ಕಲಿಸಿತು. ಉಪದೇಶದಿಂದ ಸರಿಯದ ಗೆರೆ ಕೆಲಸದ ಒತ್ತಡದಲ್ಲಿ ಸರಿಯಿತು.

ಆಡಳಿತ ಮಂಡಳಿಗೆ ನಿಲ್ಲಬೇಕೆಂದು ನಾವು ಆ ಹೆಣ್ಣುಮಗಳನ್ನು ಕೇಳಿಕೊಂಡೆವು. ಅವರು, "ಕುರ್ಚಿ ಆಮೇಲೆ ಆಗಲಿ ಸೆಕ್ರೆಟರಿಗಳೇ, ಮೊದಲು ಆ ಗೋಣಿ ತೂಗಿ ನೋಡಿ" ಎಂದರು. ಮರುದಿನ ಗೋದಾಮಿನಲ್ಲಿ ಹತ್ತು ಖಾಲಿ ಗೋಣಿಗಳನ್ನು ತಕ್ಕಡಿಗೆ ಹಾಕಿಸಿದೆವು. ಒಂದೂ ಒಂದು ಕಿಲೋ ಮುಟ್ಟಲಿಲ್ಲ. ಅಂದಿನಿಂದ ಸಂಘದಲ್ಲಿ ಗೋಣಿಯ ನಿಜವಾದ ತೂಕವನ್ನಷ್ಟೇ ಕಳೆಯಲಾಗುತ್ತಿದೆ. ಇದನ್ನು ಸಾಧನೆಯೆಂದು ಹೇಳಿಕೊಳ್ಳುತ್ತಿಲ್ಲ. ಎರಡು ವರ್ಷ ತಡವಾದುದಕ್ಕೆ, ಅದಕ್ಕೂ ಹಿಂದೆ ಎಷ್ಟೋ ವರ್ಷ ಯಾರೂ ಕೇಳದೆ ಹೋದುದಕ್ಕೆ ಸದಸ್ಯರ ಕ್ಷಮೆ ಬೇಡುತ್ತಿದ್ದೇವೆ.

ಕೊಳಗದ ಪಾಠ

ಗೋಣಿಯ ಲೆಕ್ಕ ಸಣ್ಣದೆಂದು ನಕ್ಕವರಿಗೆ ನಮ್ಮ ಮಲೆನಾಡಿನ ಚರಿತ್ರೆಯನ್ನು ನೆನಪಿಸಬೇಕಾಗಿದೆ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎತ್ತಿದ್ದೂ ಅಳತೆಯ ಪ್ರಶ್ನೆಯನ್ನೇ. ಗೇಣಿ ಭತ್ತ ಅಳೆಯುವ ಒಡೆಯರ ಕೊಳಗ ನ್ಯಾಯವಾದ ಕೊಳಗಕ್ಕಿಂತ ದೊಡ್ಡದು ಎಂಬುದು ಅವರ ದೂರು. ಉಪಾಧ್ಯಾಯರಾಗಿದ್ದ ಎಚ್. ಗಣಪತಿಯಪ್ಪನವರು ಊರೂರು ತಿರುಗಿ, 1948ರಲ್ಲಿ ರೈತ ಸಂಘ ಕಟ್ಟಿ, ಅಳೆದು ಕೊಡುವವನಿಗೂ ಅಳತೆ ಕೇಳುವ ಹಕ್ಕಿದೆ ಎಂಬುದನ್ನು ಮನೆ ಮನೆಗೆ ಮುಟ್ಟಿಸಿದರು. 1951ರಲ್ಲಿ ಗೇಣಿದಾರರು ಉಳುವುದಕ್ಕೆ ಗದ್ದೆಗಿಳಿದು ಸತ್ಯಾಗ್ರಹ ಮಾಡಿದರು, ತಂಡ ತಂಡವಾಗಿ ಬಂಧನಕ್ಕೆ ಒಳಗಾದರು. ಶಾಂತವೇರಿ ಗೋಪಾಲಗೌಡರು ಜೊತೆ ನಿಂತರು, ರಾಮಮನೋಹರ ಲೋಹಿಯಾ ಬಂದು ಸೆರೆಯಾದರು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಲೋಹಿಯಾ ಬಂದದ್ದರಿಂದ ಕಾಗೋಡು ದೇಶಕ್ಕೆ ತಿಳಿಯಿತು, ನಿಜ. ಆದರೆ ಅವರು ಬರುವ ಮೂರು ವರ್ಷ ಮುಂಚೆಯೇ ಹಳ್ಳಿಯಿಂದ ಹಳ್ಳಿಗೆ ನೂಲು ಎಳೆದಾಗಿತ್ತು. ಒಂದು ತಂಡ ಬಂಧನವಾದರೆ ಮರುದಿನ ಇನ್ನೊಂದು ತಂಡ ಸಿದ್ಧವಿರಬೇಕಾದರೆ ಆ ನೂಲು ಇರಲೇಬೇಕು. ಹೋರಾಟದ ಫಲ ಕೂಡಲೇ ಕೈಗೆ ಬರಲಿಲ್ಲ. ಉಳುವವನನ್ನು ಹೊಲದೊಡೆಯನನ್ನಾಗಿ ಮಾಡಿದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ. ಗೋಪಾಲಗೌಡರು ಅದನ್ನು ನೋಡಲು ಉಳಿಯಲಿಲ್ಲ, 1972ರಲ್ಲೇ ತೀರಿಕೊಂಡಿದ್ದರು. ಅದೇ ಊರಿನ ಕಾಗೋಡು ತಿಮ್ಮಪ್ಪನವರು 2013ರಲ್ಲಿ ರಾಜ್ಯ ವಿಧಾನಸಭೆಯ ಅಧ್ಯಕ್ಷರಾದರು. ಕೊಳಗದ ಗಾತ್ರ ಕೇಳಿದ ಊರು ಸದನ ನಡೆಸುವವರನ್ನು ಕೊಟ್ಟಿತು.

ನಮ್ಮ ಸದಸ್ಯರಲ್ಲಿ ಕೆಲವರ ಹಿರಿಯರು ಕೊಳಗ ಹಿಡಿದವರು, ಕೆಲವರ ಹಿರಿಯರು ಅಳೆದು ಕೊಟ್ಟವರು. ಇಂದು ಇಬ್ಬರ ಮೊಮ್ಮಕ್ಕಳೂ ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ವರದಿ ಓದುತ್ತಾರೆ. ಈ ಬೆಂಚು ತಾನಾಗಿ ಬಂದದ್ದಲ್ಲ. ಇದರ ಮೇಲೆ ಕುಳಿತು ಬಾಯಿ ಮುಚ್ಚಿಕೊಂಡಿರುವುದು ಅದನ್ನು ಗಳಿಸಿಕೊಟ್ಟವರಿಗೆ ಮಾಡುವ ಅಪಚಾರ.

ಅರವತ್ತು ವರ್ಷದ ಬಿತ್ತನೆ

ಘಟ್ಟದ ಕೆಳಗಿನ ಉದಾಹರಣೆಯನ್ನೂ ನೋಡೋಣ. 1970ರ ಆಚೀಚೆ ಅಡಿಕೆ ಧಾರಣೆ ಕುಸಿದು ಬೆಳೆಗಾರರು ದಿಕ್ಕುಗೆಟ್ಟಾಗ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಸೇರಿ 1973ರ ಜುಲೈಯಲ್ಲಿ ಕ್ಯಾಂಪ್ಕೋ ಕಟ್ಟಿದರು. ಮುಂದೆ ಕೊಕ್ಕೋ ಬೆಲೆ ಬಿದ್ದು ಕೊಳ್ಳುವವರು ಹಿಂದೆ ಸರಿದಾಗ ಅದೇ ಸಂಸ್ಥೆ ಖರೀದಿಗೆ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ನಿಲ್ಲಿಸಿತು. ಇದು ಒಬ್ಬ ಮಹನೀಯರ ಸಾಹಸವೆಂದು ಹೇಳಿ ಕೈಮುಗಿದು ಬಿಡುವುದು ಸುಲಭ. ಆದರೆ ಅದೇ ನೆಲದಲ್ಲಿ ವಕೀಲರಾದ ಮೊಳಹಳ್ಳಿ ಶಿವರಾಯರು 1909ರಲ್ಲೇ ಸಹಕಾರ ಸಂಘ ತೆರೆದಿದ್ದರು, 1914ರಲ್ಲಿ ಜಿಲ್ಲಾ ಸಹಕಾರಿ ಬ್ಯಾಂಕಿಗೆ ಅಡಿಪಾಯ ಹಾಕಿದ್ದರು. ಅಲ್ಲಿಂದಾಚೆ ಅರವತ್ತು ವರ್ಷ ಹಳ್ಳಿ ಹಳ್ಳಿಯಲ್ಲಿ ಸಣ್ಣ ಸಂಘಗಳಲ್ಲಿ ಲೆಕ್ಕ ಬರೆದವರು, ಠರಾವು ಮಾಡಿದವರು, ಬಾಕಿ ವಸೂಲಿಗೆ ನಡೆದವರು ನೂರಾರು ಮಂದಿ. ಕ್ಯಾಂಪ್ಕೋಗೆ ಷೇರು ಹಾಕಿ ಎಂದಾಗ ನಂಬಿ ಹಾಕಿದ್ದು ಆ ಪಳಗಿದ ಜನ. ಬಿತ್ತಿದ್ದನ್ನು ಮರೆತು ಕೊಯ್ಲನ್ನು ಮಾತ್ರ ಹೊಗಳಬಾರದು.

ಅದೇ ಪುತ್ತೂರಿನಲ್ಲಿ 1988ರಲ್ಲಿ 'ಅಡಿಕೆ ಪತ್ರಿಕೆ' ಆರಂಭವಾಯಿತು. ಶ್ರೀಪಡ್ರೆ ಮತ್ತು ಸಂಗಡಿಗರು ಕೃಷಿಕರ ಕೈಗೇ ಲೇಖನಿ ಕೊಟ್ಟರು. ತೋಟದಲ್ಲಿ ಕಂಡದ್ದನ್ನು ಬರೆಯಲು ಕಲಿತವನು ಸಭೆಯಲ್ಲಿ ಎದ್ದು ಕೇಳುವುದನ್ನೂ ಕಲಿಯುತ್ತಾನೆ.

ಸಂಘ ಬೆಳೆದಂತೆ

ನಮ್ಮ ಸಂಘ ಬೆಳೆದಿದೆ, ಸಂತೋಷ. ಆದರೆ ಸಂಖ್ಯೆ ಬೆಳೆದಂತೆ ಸದಸ್ಯನ ಧ್ವನಿ ಕುಗ್ಗುತ್ತದೆ, ನಾಲ್ಕು ಗಟ್ಟಿ ಗಂಟಲುಗಳದ್ದೇ ನಡೆಯುತ್ತದೆ. 1980ರ ದಶಕದ ಮಧ್ಯದಲ್ಲಿ ನಮ್ಮ ರಾಜ್ಯದ ಮೈರಾಡ ಸಂಸ್ಥೆ ಇದನ್ನು ಕಣ್ಣಾರೆ ಕಂಡಿತು. ಅದು ಹಳ್ಳಿಗಳಲ್ಲಿ ಪ್ರೋತ್ಸಾಹಿಸಿದ್ದ ದೊಡ್ಡ ಸಹಕಾರ ಸಂಘಗಳು ಒಡೆದವು. ಮುಖಂಡರ ಮೇಲೆ ನಂಬಿಕೆ ಕಳೆದುಕೊಂಡ ಸದಸ್ಯರು ತಮ್ಮತಮ್ಮಲ್ಲಿ ಬಲ್ಲವರು, ನಂಬುವವರು ಸೇರಿ ಚಿಕ್ಕ ಗುಂಪುಗಳಾಗಿ ಬಂದರು. ಇಂದು ಸ್ವಸಹಾಯ ಸಂಘ ಎನ್ನುವ ವ್ಯವಸ್ಥೆಯ ಮೊಳಕೆಗಳಲ್ಲಿ ಇದೊಂದು. ನಬಾರ್ಡ್ 1992ರಲ್ಲಿ ಇಂಥ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಕೈಗೊಂಡಿತು. ನಮ್ಮ ಮನೆಯ ಹೆಂಗಸರು ಈಗ ವಾರ ವಾರ ಸಭೆ ನಡೆಸುತ್ತಾರೆ, ನಡಾವಳಿ ಬರೆಯುತ್ತಾರೆ, ಬ್ಯಾಂಕಿನ ಮ್ಯಾನೇಜರರೊಂದಿಗೆ ವಾದಿಸುತ್ತಾರೆ. ಅದೇ ಹೆಂಗಸರು ನಮ್ಮ ಸಂಘದ ಮಹಾಸಭೆಯ ದಿನ ಅಡಿಗೆ ಮನೆಯಲ್ಲಿ ಇರುತ್ತಾರೆ. ಪಳಗಿದ ಮುಂದಾಳುಗಳನ್ನು ಒಳಮನೆಯಲ್ಲಿ ಇಟ್ಟುಕೊಂಡು ಹೊರಗೆ ಹುಡುಕುತ್ತಿದ್ದೇವೆ.

ಕಾಫಿ ಮಾರಾಟದಲ್ಲಿಯೂ ಇದೇ ಕೊರತೆ ಕಾಡುತ್ತಿದೆ. ಮಂಡಳಿಯ ಪೂಲ್ ಪದ್ಧತಿ ಇದ್ದಾಗ ಬೆಳೆಗಾರ ಒಪ್ಪಿಸಿ ಬಂದರೆ ಮುಗಿಯುತ್ತಿತ್ತು. 1996ರ ಹೊತ್ತಿಗೆ ಅದು ಪೂರ್ಣವಾಗಿ ಕೊನೆಗೊಂಡು ಮಾರುವ ಸ್ವಾತಂತ್ರ್ಯ ಬಂತು. ಆದರೆ ಗೇಟಿನ ಮುಂದೆ ಲಾರಿ ನಿಲ್ಲಿಸಿದ ವ್ಯಾಪಾರಿಯ ಎದುರು ಇಪ್ಪತ್ತು ಚೀಲದ ಒಡೆಯ ಒಂಟಿ. ಅವನ ಪಕ್ಕದಲ್ಲಿ ನಿಲ್ಲಬೇಕಾದ ಹತ್ತು ಮನೆಯವರು ಆ ದಿನದ ಧಾರಣೆಯನ್ನು ಪರಸ್ಪರ ಹೇಳಿಕೊಳ್ಳುವುದೂ ಅಪರೂಪ.

ಆಕ್ಷೇಪಗಳಿಗೆ ಉತ್ತರ

ಈ ವಿಚಾರವನ್ನು ನಿರ್ದೇಶಕ ಮಿತ್ರರಲ್ಲಿ ಪ್ರಸ್ತಾಪಿಸಿದಾಗ ಎರಡು ಆಕ್ಷೇಪಗಳು ಬಂದವು. ಗುಂಪು ಕಟ್ಟಿದರೆ ಗುಂಪುಗಾರಿಕೆ ಬರುತ್ತದೆ, ಚುನಾವಣೆಯಲ್ಲಿ ತೊಂದರೆ ಎಂಬುದು ಮೊದಲನೆಯದು. ಗುಂಪುಗಾರಿಕೆ ಈಗಲೂ ಇದೆ, ಮತದಾನದ ಹಿಂದಿನ ರಾತ್ರಿ ಹುಟ್ಟಿ ಎಣಿಕೆಯ ಸಂಜೆ ಸಾಯುತ್ತದೆ. ಸುಡುವ ಗಿಡದ ಮುಂದೆ ವರ್ಷಕ್ಕೆರಡು ಸಲ ಕೂಡಿ ನಿಂತವರಿಗೆ ಅದರ ರುಚಿ ಕಡಿಮೆಯಾಗುತ್ತದೆ ಎಂದು ನಮ್ಮ ನಂಬಿಕೆ. ಅನುಭವ ಇಲ್ಲದವರ ಕೈಗೆ ಸಂಘ ಕೊಟ್ಟರೆ ಹಣಕಾಸು ಹಾಳಾಗುತ್ತದೆ ಎಂಬುದು ಎರಡನೆಯದು. ಮಾತು ನಿಜ. ಆದುದರಿಂದಲೇ ಸಣ್ಣ ಜವಾಬ್ದಾರಿಯಿಂದ ಆರಂಭಿಸಬೇಕು. ಗೂಟದ ಬಳಿ ಹಸುವನ್ನು ಹಿಡಿಯಲು ಕಲಿಯದವನಿಗೆ ಕೊಟ್ಟಿಗೆಯನ್ನೇ ವಹಿಸಲಾಗದು. ಹಿಡಿಯಲು ಬಿಡದೆ ಕಲಿತಿಲ್ಲವೆನ್ನುವುದು ಮಾತ್ರ ನ್ಯಾಯವಲ್ಲ.

ನಮ್ಮ ಸಲಹೆಗಳು

ಒಂದನೆಯದಾಗಿ, ಹತ್ತರಿಂದ ಹದಿನೈದು ಮನೆಗಳಿಗೆ ಒಂದರಂತೆ ಕೇರಿ ಗುಂಪುಗಳಾಗಬೇಕು. ಬರುವ ಮಾರ್ಚ್ ತಿಂಗಳ ಕಾಂಡಕೊರಕ ತಪಾಸಣೆ ಅವುಗಳ ಮೊದಲ ಕೆಲಸ, ಮಳೆಗೆ ಮುಂಚಿನ ಬೋರ್ಡೋ ಎರಡನೆಯದು. ಸಂಚಾಲಕತ್ವ ವರ್ಷಕ್ಕೊಂದು ಮನೆಗೆ ಸರದಿಯಂತೆ ಹೋಗಬೇಕು. ಎಲ್ಲರ ಸರದಿ ಮುಗಿಯದೆ ಮೊದಲಿನವರಿಗೆ ಮತ್ತೆ ಬರಬಾರದು.

ಎರಡನೆಯದಾಗಿ, ಪ್ರತಿ ಮನೆಯಿಂದ ಗಂಡಸೊಬ್ಬರೇ ಅಲ್ಲ, ಮನೆಯೊಡತಿ ಅಥವಾ ಮಗಳು, ಸೊಸೆಯೂ ಗುಂಪಿಗೆ ಬರಬೇಕು. ಜಮೀನು ಹೆಸರಿನಲ್ಲಿರುವ ಹೆಂಗಸರು ತಾವೇ ಷೇರು ಪಡೆದು ಸದಸ್ಯರಾಗಬೇಕು. ತೋಟದಲ್ಲಿ ದುಡಿಯುವವರನ್ನೂ ತರಬೇತಿಗೆ ಕರೆಯಬೇಕು, ಬಲ್ಲವರಿದ್ದರೆ ಅವರಿಂದಲೇ ಪಾಠ ಹೇಳಿಸಬೇಕು.

ಮೂರನೆಯದಾಗಿ, ಕಛೇರಿಯ ಕಿಟಕಿಯಲ್ಲಿ ಒಂದು ಪ್ರಶ್ನೆ ಪುಸ್ತಕ ಇರುತ್ತದೆ. ಬರೆದ ಪ್ರಶ್ನೆಗೆ ಮೂವತ್ತು ದಿನದೊಳಗೆ ಉತ್ತರ ಇದೇ ವಾರ್ತಾಪತ್ರದಲ್ಲಿ ಅಚ್ಚಾಗುತ್ತದೆ. ಬರೆಯಲು ಬಾರದವರು ಬಾಯಲ್ಲಿ ಹೇಳಲಿ, ಗುಮಾಸ್ತರು ಬರೆದುಕೊಳ್ಳುತ್ತಾರೆ. 'ಲಿಖಿತವಾಗಿ ಕೊಡಿ' ಎಂಬ ಮಾತು ಇನ್ನು ವೇದಿಕೆಯಿಂದ ಬರುವುದಿಲ್ಲ.

ನಾಲ್ಕನೆಯದಾಗಿ, ಆಡಳಿತ ಮಂಡಳಿಯಲ್ಲಿ ಯಾರೂ ಸತತ ಎರಡು ಅವಧಿಗಿಂತ ಹೆಚ್ಚು ಇರಬಾರದೆಂದು ಉಪವಿಧಿ ತಿದ್ದುಪಡಿಯ ಸೂಚನೆಯನ್ನು ಮುಂದಿನ ಮಹಾಸಭೆಗೆ ತರಲಾಗುವುದು. ಕಾರ್ಯದರ್ಶಿಗೂ ಇದು ಅನ್ವಯಿಸಬೇಕು. ಈ ಮೇಜಿನ ಹಿಂದೆ ನಾವು ಹದಿನಾಲ್ಕು ವರ್ಷ ಕುಳಿತಾಗಿದೆ. ಮುಂದಿನ ಮಹಾಸಭೆಯ ಹೊತ್ತಿಗೆ ಕೆಲಸ ಕಲಿತು ನಿಲ್ಲಬಲ್ಲ ಇಬ್ಬರನ್ನಾದರೂ ಜೊತೆಯಲ್ಲಿ ಕೂರಿಸಿಕೊಂಡು ಪಳಗಿಸಿ, ಬೀಗದ ಕೈ ಒಪ್ಪಿಸಲು ನಿರ್ಧರಿಸಿದ್ದೇವೆ. ಪಳಗಿಸದೆ ಎದ್ದು ಹೋಗುವುದೂ ಹೊಣೆಗೇಡಿತನವೇ ಆಗುತ್ತದೆ.

ನವೆಂಬರ್ 14ರಿಂದ 20ರವರೆಗೆ ಸಹಕಾರ ಸಪ್ತಾಹ. ಪ್ರತಿ ವರ್ಷ ಧ್ವಜ ಹಾರಿಸಿ, 1905ರಲ್ಲಿ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಈ ಸಲ ಹಾರದ ಜೊತೆಗೆ ಇನ್ನೊಂದು ಕೆಲಸವಾಗಲಿ. ಆ ವಾರದ ಯಾವುದಾದರೂ ಒಂದು ಸಂಜೆ ಪ್ರತಿ ಕೇರಿಯಲ್ಲೂ ಒಂದು ಜಗುಲಿಯಲ್ಲಿ ನೆರೆಯವರು ಕೂಡಿ, ಮಾರ್ಚ್ ತಿಂಗಳಲ್ಲಿ ಯಾರ ತೋಟಕ್ಕೆ ಯಾವ ದಿನ ಎಂಬುದನ್ನು ಗೊತ್ತುಪಡಿಸಿ ಬರೆದುಕೊಳ್ಳಲಿ. ಅದಕ್ಕೆ ಬೇಕಾದ ನೋಟ್‌ಬುಕ್ಕನ್ನು ಸಂಘದಿಂದ ಪ್ರತಿ ಕೇರಿಗೂ ಉಚಿತವಾಗಿ ಕೊಡಲಾಗುವುದು. ಮೊದಲ ಪುಟದಲ್ಲಿ ಹೇಗೆ ಗೆರೆ ಎಳೆಯಬೇಕೆಂಬುದನ್ನು ಆ ಹೆಣ್ಣುಮಗಳಿಂದಲೇ ಬರೆಸಿ ಅಚ್ಚು ಹಾಕಿಸಿದ್ದೇವೆ.

ಈ ಸಲಹೆಗಳಿಗೆ ಒಪ್ಪಿಗೆ ಇಲ್ಲದವರು ಮೌನವಾಗಿರಬೇಡಿ, ಬಂದು ಹೇಳಿ, ಬರೆದು ಕಳಿಸಿ. ಬೈದರೂ ಅಚ್ಚು ಹಾಕುತ್ತೇವೆ. ಮುಂದಿನ ಮಹಾಸಭೆ ಎರಡೂಕಾಲು ಗಂಟೆಯಲ್ಲಿ ಮುಗಿಯದೆ ಇರಲಿ, ಊಟ ತಡವಾಗಲಿ ಎಂಬುದೇ ನಮ್ಮ ಹಾರೈಕೆ.